ಎಂಜಿನ್ ಕೂತಿದೆ

ಬರೆದದ್ದು ಮೂರೇ ಮಾತು. ‘ಎಂಜಿನ್ ಇದೆ. ಕೂತಿದೆ. ಬದಲಿಗೆ ಅದೇ ಕಂಪನಿಯ ಸ್ವಲ್ಪ ದೊಡ್ಡ ಎಂಜಿನ್ ಬೇಕು.’ ಹಳೇ ಗಾಡಿಗಳ ಹುಚ್ಚು ಹತ್ತಿದವರೆಲ್ಲ ಸೇರಿ ಫೋನಿನಲ್ಲಿ ಕಟ್ಟಿಕೊಂಡಿದ್ದ ಗುಂಪಿಗೆ ಅದನ್ನು ಕಳಿಸುವ ಮೊದಲು ಅವನು ಬಚ್ಚಲಿನ ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ಓದಿದ. ಅಭ್ಯಾಸ ಬಿಡಬೇಕಲ್ಲ. ಪ್ರೆಸ್ಸಿನ ಮೂಲೆಯ ಮೇಜಿನಲ್ಲಿ ಕರಡು ತಿದ್ದುತ್ತ ಕೂದಲು ನರೆಸಿಕೊಂಡವನು. ಕಂಡವರ ತಪ್ಪನ್ನೆಲ್ಲ ಸರಿಮಾಡಿ, ತನ್ನ ಹೆಸರು ಮಾತ್ರ ಎಲ್ಲೂ ಅಚ್ಚಾಗದಂತೆ ನೋಡಿಕೊಂಡವನು. ಎರಡು ಅರ್ಥ ಬರುವ ಮಾತು ಕಣ್ಣಿಗೆ ಬಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅಂಚಿನಲ್ಲಿ ‘ಸ್ಪಷ್ಟಪಡಿಸಿ’ ಎಂದು ಬರೆಯುವುದು ಅವನ ಪಾಲಿಗೆ ದೊರೆತಿದ್ದ ಒಂದೇ ಅಧಿಕಾರ. ಎಂಥೆಂಥ ದೊಡ್ಡ ಮನುಷ್ಯರಿಗೆಲ್ಲ ಅವನು ಸ್ಪಷ್ಟಪಡಿಸಿ ಎಂದಿದ್ದ. ಈಗ ಅಂಥದೇ ಒಂದು ಮಾತನ್ನು ತಾನೇ ಹುಡುಕಿ, ಒರೆಸಿ, ಸರಿಯಾದ ಜಾಗದಲ್ಲಿ ಇಟ್ಟಿದ್ದ. ಗ್ಯಾರೇಜಿನವರ ಬಾಯಲ್ಲಿ ಎಂಜಿನ್ ಕೂತಿದೆ ಎಂದರೆ ಜಾಮ್ ಆಗಿದೆ, ತುಕ್ಕು ಹಿಡಿದು ಒಳಗೊಳಗೇ ಕಚ್ಚಿಕೊಂಡಿದೆ, ಇನ್ನದು ತಿರುಗುವುದಿಲ್ಲ. ಉಳಿದವರ ಬಾಯಲ್ಲಿ ಕೂತಿದೆ ಎಂದರೆ ಸುಮ್ಮನೆ ಕೂತಿದೆ. ಗಾಡಿಯಲ್ಲೇ ಇದೆ, ಇಳಿಸಿಲ್ಲ, ಯಾರೂ ಬಳಸುತ್ತಿಲ್ಲ. ಎರಡೂ ನಿಜ. ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸಿ ನೋಡೋಣ ಎಂದು ಅವನು ಕನ್ನಡಿಗೆ ಸವಾಲು ಹಾಕಿದ. ಕನ್ನಡಿಯಲ್ಲಿದ್ದವನು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ತನಗೆ ಸಂಬಂಧವಿಲ್ಲ ಎಂಬಂತೆ ನಿಂತಿದ್ದ. ಕಳಿಸುವ ಗುಂಡಿ ಒತ್ತಿ, ಮುಖ ತೊಳೆದುಕೊಂಡು ಹೊರಗೆ ಬಂದ.

ಹೊರಗೆ ವರಾಂಡದಲ್ಲಿ ಮಾವನವರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು: “ನಾವೆಲ್ಲ ಚೆನ್ನಾಗಿದೀವಿ. ಮಗಳು ಆಸ್ಪತ್ರೆ ಲ್ಯಾಬಿಗೆ ಹೋಗ್ತಾಳೆ. ಅಳಿಯಂದಿರು ಮನೇಲೇ ಕೂತಿದಾರೆ.” ಅವರ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ತೊಂದರೆ. ನಿವೃತ್ತ ಮೇಷ್ಟ್ರು; ಜೀವಮಾನವಿಡೀ ಮಕ್ಕಳಿಗೆ ಭಾಷೆ ಕಲಿಸಿದವರು; ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಅಳಿಯಂದಿರು ಕೂತಿರುವುದು ನಿಜವಾದ್ದರಿಂದ ಕೂತಿದಾರೆ ಎನ್ನುತ್ತಿದ್ದರು, ಮಳೆ ಬರುತ್ತಿದ್ದರೆ ಬರುತ್ತಿದೆ ಎನ್ನುವ ಹಾಗೆ. ಪ್ರೆಸ್ಸು ಮುಚ್ಚಿದ ದಿನವೂ ಅಷ್ಟೇ. ಯಜಮಾನ ಎಲ್ಲರನ್ನೂ ಕರೆದು, ಅಂಗಡಿ ಕೂತುಹೋಯ್ತಪ್ಪ ಎಂದು ಕಣ್ಣು ಒರೆಸಿಕೊಂಡು, ಕಣ್ಣು ಒರೆಸಿಕೊಂಡ ಕರವಸ್ತ್ರವನ್ನೇ ಎಲ್ಲರ ಕಡೆ ಬೀಸಿ ಬೀಳ್ಕೊಟ್ಟಿದ್ದ. ಬಾಡಿಗೆ ಮನೆ ಬಿಟ್ಟು ಹೆಂಡತಿಯ ತವರಿಗೆ ಬಂದದ್ದು ‘ಸ್ವಲ್ಪ ದಿನದ ಮಟ್ಟಿಗೆ’. ಆ ಸ್ವಲ್ಪ ದಿನ ಉಬ್ಬುತ್ತ ಉಬ್ಬುತ್ತ ಈಗ ಮನೆಯ ಒಂದು ಕೋಣೆಯಷ್ಟು ದೊಡ್ಡದಾಗಿತ್ತು. ಬರುವಾಗ ಅವನು ತಂದದ್ದು ಎರಡು ಟ್ರಂಕು, ಒಂದು ನಿಘಂಟು, ಮತ್ತು ಬೇರೊಬ್ಬರ ವಾಹನಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ಈ ಕಾರು.

ಕಾರು ಶೆಡ್ಡಿನಲ್ಲಿತ್ತು. ಕಂಪನಿಯವರೇ ಮರೆತುಬಿಟ್ಟಿರುವ ಸಣ್ಣ ಕಾರು. ಮುಂದಿನ ಎರಡು ದೀಪಗಳ ನಡುವೆ ಸ್ವಲ್ಪ ಅಗಲವಾದ ಬಾಯಿ, ಯಾರೋ ಬೈದಿದ್ದಕ್ಕೆ ಏನು ಹೇಳಬೇಕೆಂದು ತೋಚದೆ ಹಲ್ಲು ಗಿಂಜಿದಂತೆ. ಅದರ ಸೀಟು, ರೇಡಿಯೇಟರು, ಬಾಗಿಲ ಹಿಡಿ, ಎಲ್ಲವೂ ಅದಲುಬದಲಿನಲ್ಲಿ ಬಂದವು. ದುಡ್ಡು ಕೊಟ್ಟು ಯಾರು ಬೇಕಾದರೂ ತರುತ್ತಾರೆ, ಅದರಲ್ಲೇನು ಜಾಣತನ ಎಂದು ಅವನು ಹೇಳುತ್ತಿದ್ದ. ದುಡ್ಡು ಇಲ್ಲದವರು ಹೇಳಿಕೊಳ್ಳುವುದೇ ಹಾಗೆ. ಹಳೇ ರೇಡಿಯೋ ಕೊಟ್ಟು ಕಾರ್ಬುರೇಟರು ತಂದ. ನಿಘಂಟು ಕೊಟ್ಟು ವೈಪರ್ ತಂದ, ಗಾಡಿಗೆ ಮುಂದಿನ ಗಾಜೇ ಇಲ್ಲದ ಕಾಲದಲ್ಲಿ. ಮದುವೆಯಲ್ಲಿ ಮಾವನವರು ಕೊಟ್ಟ ಕೈಗಡಿಯಾರ ಈಗ ರೇಡಿಯೇಟರಿನ ರೂಪದಲ್ಲಿ ಇತ್ತು. ಕೇಳಿದರೆ ರಿಪೇರಿಗೆ ಕೊಟ್ಟಿದ್ದೇನೆ ಎನ್ನುತ್ತಿದ್ದ, ಮಾವನವರು ಪಾಪ ಕೇಳುತ್ತಲೂ ಇರಲಿಲ್ಲ. ಎಂಜಿನ್ನೊಂದು ಮಾತ್ರ ಗಾಡಿಯ ಜೊತೆಗೇ ಬಂದದ್ದು, ಸ್ವಂತದ್ದು, ತಿರುಗುತ್ತಿದ್ದದ್ದು. ಅದನ್ನೂ ಅವನೇ ಕೂರಿಸಿದ. ಸ್ವಚ್ಛ ಮಾಡುತ್ತೇನೆಂದು ಪ್ಲಗ್ಗುಗಳನ್ನು ಬಿಚ್ಚಿ, ಬೆಳ್ಳಗೆ ಹೊಳೆಯುವಂತೆ ಉಜ್ಜಿ, ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ಕಪಾಟಿನಲ್ಲಿಟ್ಟು, ವಾಪಸು ಹಾಕುವುದನ್ನು ಮರೆತ. ಶೆಡ್ಡಿನ ತಗಡು ಸೋರುವುದು ಸರಿಯಾಗಿ ಆ ತೂತುಗಳ ಮೇಲೇ ಎಂದು ಅವನಿಗೆ ಹೇಗೆ ಗೊತ್ತಿರಬೇಕು! ಮಳೆಗಾಲ ಕಳೆದು ಬೀದಿಯ ಕೊನೆಯ ಮೆಕ್ಯಾನಿಕ್ ಬಂದು, ಸಲಾಕೆ ಸಿಕ್ಕಿಸಿ, ಮೈಯ ಭಾರವೆಲ್ಲ ಹಾಕಿ ಒತ್ತಿದಾಗ ಎಂಜಿನ್ನು ಅಲುಗಲಿಲ್ಲ, ಗಾಡಿಯೇ ಅಲುಗಿತು. “ಕೂತಿದೆ,” ಎಂದ ಮೆಕ್ಯಾನಿಕ್. ಅದೇ ದನಿ. ಅಳಿಯಂದಿರು ಕೂತಿದಾರೆ.

ಕಳೆದ ವಾರ ಊಟದ ಹೊತ್ತಿಗೆ ಮಾವನವರು ಉಪ್ಪು ಕೇಳಿದಷ್ಟೇ ಮೃದುವಾಗಿ ಕೇಳಿದ್ದರು: “ಶೆಡ್ಡನ್ನ ಝೆರಾಕ್ಸ್ ಅಂಗಡಿಗೆ ಕೇಳ್ತಾ ಇದಾರೆ. ಗಾಡಿ ಓಡೋ ಹಾಗಿದ್ರೆ ಬೀದೀಲಿ ನಿಲ್ಲಿಸ್ಕೊಬಹುದು. ಇಲ್ಲಾಂದ್ರೆ ಗುಜರಿಯವನು ಇದೇ ತಿಂಗಳು ಬರ್ತೀನಿ ಅಂದಿದಾನೆ. ನೀವೇ ಯೋಚನೆ ಮಾಡಿ.” ಅವನು ಯೋಚನೆ ಮಾಡುತ್ತೇನೆ ಎಂದ. ಯೋಚನೆ ಮಾಡುವುದರಲ್ಲಿ ಅವನನ್ನು ಮೀರಿಸುವವರು ಆ ಮನೆಯಲ್ಲಿ ಇರಲಿಲ್ಲ. ತಾನು ಉಣ್ಣುವ ತಟ್ಟೆ ಅವರದು, ಮಲಗುವ ಮಂಚ ಅವರದು, ಕೈ ಒರೆಸಿಕೊಳ್ಳುವ ಟವೆಲ್ಲಿನ ಮೂಲೆಯಲ್ಲಿ ಅವರ ಹೆಸರಿನ ಮೊದಲಕ್ಷರ. ಆ ಇಡೀ ಕಾಂಪೌಂಡಿನೊಳಗೆ ಅವನದು ಎನ್ನುವುದು ಈ ಕಾರೊಂದೇ. ಅದನ್ನು ಗುಜರಿಯವನು ಸಂಕಲೆ ಹಾಕಿ ಎಳೆದುಕೊಂಡು ಹೋಗುವುದು, ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುವುದು, ಮಾವನವರು ಗೇಟು ಹಿಡಿದು ನಿಂತು ‘ನಿಧಾನ, ಗೋಡೆಗೆ ತಾಗೀತು’ ಎನ್ನುವುದು. ಇಷ್ಟು ಅವನಿಗೆ ಕಣ್ಣು ಮುಚ್ಚಿದರೆ ಕಾಣುತ್ತಿತ್ತು, ತೆರೆದರೂ ಕಾಣುತ್ತಿತ್ತು.

ಗುಂಪಿನಲ್ಲಿದ್ದ ಲಾಂಡ್ರಿಯವನೊಬ್ಬ ಬಂದದ್ದು ಮೆಸೇಜು ಕಳಿಸಿದ ಮರುದಿನ, ರಜೆಯ ದಿನ, ಹೆಂಡತಿ ಮನೆಯಲ್ಲಿದ್ದಾಗ, ಮಾವನವರು ವರಾಂಡದ ಕುರ್ಚಿಯಲ್ಲಿ ಪೇಪರಿನ ಕೊನೆಯ ಪುಟವನ್ನು ಮೊದಲ ಪುಟದಷ್ಟೇ ಗಂಭೀರವಾಗಿ ಓದುತ್ತಿದ್ದಾಗ. ಕುಳ್ಳ ಆಳು. ಬ್ಲೀಚಿನ ನೀರಿನಲ್ಲಿ ನೆನೆದು ನೆನೆದು ಬೆರಳುಗಳ ಬಣ್ಣ ಹೋಗಿತ್ತು. ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಅಂಚು ತಾಗಿದ ಗೀರುಗಳು. ಹತ್ತಿರ ಬಂದರೆ ಒಗೆದ ಬಟ್ಟೆಯ ವಾಸನೆ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಕೊಡುವ ಕಸುಬು, ಅದನ್ನು ತರಲು ಒಯ್ಯಲು ಒಂದು ವ್ಯಾನು. ಮೊದಲು ಹೋಗಿ ಮಾವನವರ ಮುಂದೆ ಕೈಮುಗಿದು ನಿಂತ. ಅವರ ಹಳೇ ವಿದ್ಯಾರ್ಥಿಯಂತೆ. ಇನ್ನೇನು ಬೇಕಿತ್ತು.

“ಮೆಸೇಜು ನೋಡ್ದೆ ಸಾರ್,” ಎಂದ, ಅಳಿಯನ ಕಡೆ ತಿರುಗಿ. “ನಿಮ್ಗೆ ದೊಡ್ಡ ಎಂಜಿನ್ ಬೇಕು, ನಂಗೆ ಸಣ್ಣದು ಬೇಕು. ಮೊದ್ಲೇ ಹೇಳ್ಬಿಡ್ತೀನಿ, ನನ್ನ ವ್ಯಾನಿಂದು ಓಡೋದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಕುಡಿಯುತ್ತೆ. ನಾನು ದುಡಿದಿದ್ದೆಲ್ಲ ಅದೇ ಕುಡಿಯುತ್ತೆ. ಚಳೀಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಲ್ಲ, ಎರಡು ಸಲ ಬೇಡ್ಕೊಬೇಕು. ಕೆಳಗಡೆ ಒಂಚೂರು ಆಯಿಲ್ ಜಿನುಗುತ್ತೆ. ಎರಡನೇ ಪ್ಲಗ್ಗು ಆಗಾಗ ಮಸಿ ಹಿಡಿಯುತ್ತೆ, ಬಿಚ್ಚಿ ಒರೆಸಿದ್ರೆ ಸರಿಹೋಗುತ್ತೆ. ಇಷ್ಟೇ. ಇನ್ನೇನಾದ್ರೂ ನೆನಪಾದ್ರೆ ಹೇಳ್ತೀನಿ.”

ಇಷ್ಟು ಅಸಹ್ಯವಾದ ಪ್ರಾಮಾಣಿಕತೆಯನ್ನು ಅವನು ಇತ್ತೀಚೆಗೆ ಕಂಡಿರಲಿಲ್ಲ. ಬದಲು ಮಾಡಿಕೊಳ್ಳಲು ಬಂದವನು ತನ್ನ ಮಾಲನ್ನು ಹೊಗಳಬೇಕು, ಎದುರಿನವನ ಮಾಲಿಗೆ ಮೂಗು ಮುರಿಯಬೇಕು; ಅದಕ್ಕೆ ತಾನೂ ಸಮನಾಗಿ ಮೂಗು ಮುರಿಯುವ ಸಿದ್ಧತೆ ಮಾಡಿಕೊಂಡಿದ್ದ. ಇವನು ನೋಡಿದರೆ ಹೆಣ್ಣು ನೋಡಲು ಬಂದವರ ಮುಂದೆ ಮಗಳ ಗೊರಕೆಯನ್ನೂ ಹೇಳಿಬಿಡುವ ಅಪ್ಪನಂತೆ ಒಂದೊಂದಾಗಿ ಬಿಚ್ಚಿಡುತ್ತಿದ್ದಾನೆ. ಆ ಮಾತಿನ ಅಂಚಿನಲ್ಲಿ ಬರೆಯಲು ಏನೂ ಇರಲಿಲ್ಲ. ಎಲ್ಲಾ ಸ್ಪಷ್ಟ.

ಲಾಂಡ್ರಿಯವನು ಶೆಡ್ಡಿನೊಳಗೆ ಬಗ್ಗಿ ನೋಡಿದ. ಎಂಜಿನ್ನು ಥಳಥಳ ಹೊಳೆಯುತ್ತಿತ್ತು. ಕೆಲಸವಿಲ್ಲದವನು ಒರೆಸಿದರೆ ಯಾವುದು ಹೊಳೆಯುವುದಿಲ್ಲ? “ಅಬ್ಬ, ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ! ಕೂತಿದೆ ಅಂತ ಬರ್ದಿದ್ರಲ್ಲ, ಗಾಡೀಲೇ ಕೂತಿದೆಯಾ, ಇಳಿಸಿಲ್ವಾ?”

“ಹೌದು. ಗಾಡೀಲೇ ಕೂತಿದೆ.”

“ಒಂದ್ಸಲ ಸ್ಟಾರ್ಟ್ ಮಾಡಿ ಸದ್ದು ಕೇಳ್ಬೋದಾ?”

“ಬ್ಯಾಟರಿ ಇಲ್ಲ.” ಇದೂ ನಿಜ. ಬ್ಯಾಟರಿ ಅದಲುಬದಲಿನಲ್ಲಿ ಯಾವುದೋ ಕಾಲಕ್ಕೆ ಹಿಂದಿನ ಸೀಟಾಗಿತ್ತು.

“ಅದಕ್ಕೇನಂತೆ, ವ್ಯಾನಿನ ಬ್ಯಾಟರಿ ಬಿಚ್ಚಿ ತರ್ತೀನಿ, ಐದು ನಿಮಿಷ,” ಎಂದು ಲಾಂಡ್ರಿಯವನು ಗೇಟಿನ ಕಡೆ ಹೊರಟೇಬಿಟ್ಟ. ಮುಗಿಯಿತು. ಈಗ ಬ್ಯಾಟರಿ ಬರುತ್ತದೆ, ತಂತಿ ಸಿಕ್ಕಿಸುತ್ತಾರೆ, ಟಕ್ ಎಂದು ಒಂದು ಸದ್ದು, ಆಮೇಲೆ ಮೌನ, ಮಾವನವರು ಪೇಪರು ಮಡಿಸಿ ಕನ್ನಡಕದ ಮೇಲಿನಿಂದ ನೋಡುತ್ತಾರೆ. ಚಿಕ್ಕಂದಿನಲ್ಲಿ ಪಕ್ಕದ ಹುಡುಗನ ಲೆಕ್ಕ ನೋಡಿ ಬರೆದು, ತಪ್ಪನ್ನೂ ಸೇರಿಸಿ ಬರೆದು, ಶಾಲೆಯ ಮೇಜಿನ ಮುಂದೆ ನಿಂತಿದ್ದನಲ್ಲ, ಇಷ್ಟು ವರ್ಷವಾದರೂ ಅವನು ಅಲ್ಲೇ ನಿಂತಿದ್ದ.

ಮಾವನವರು ಪೇಪರನ್ನು ಮಡಿಸಿಯೇ ಮಡಿಸಿದರು. ಆದರೆ ನೋಡಿದ್ದು ಲಾಂಡ್ರಿಯವನನ್ನು. “ಏನಯ್ಯ, ನಮ್ಮ ಅಳಿಯಂದಿರ ಮೇಲೆ ನಂಬಿಕೆ ಇಲ್ವೇನು?”

“ಅಯ್ಯೋ, ಹಾಗಲ್ಲ ಮೇಷ್ಟ್ರೇ...”

“ಮತ್ತೆ ಹೇಗೆ? ಕೆಲಸ ಇಲ್ಲ, ಹೌದು. ಮನೇಲಿ ಕೂತಿದಾರೆ, ಅದೂ ಹೌದು. ನಾನು ಮುಚ್ಚಿಡೋನಲ್ಲ. ಆದ್ರೆ ಅವರ ಬಾಯಿಂದ ಸುಳ್ಳು ಅನ್ನೋ ಒಂದಕ್ಷರ ಬಂದದ್ದನ್ನ ನಾನು ಈವರೆಗೆ ಕೇಳಿಲ್ಲ. ಪ್ರೂಫ್ ನೋಡ್ತಿದ್ದವರು ಕಣಯ್ಯ. ಒಂದು ಒತ್ತಕ್ಷರ ತಪ್ಪಾದ್ರೆ ರಾತ್ರಿ ನಿದ್ದೆ ಮಾಡ್ತಿರಲಿಲ್ಲ.”

ಲಾಂಡ್ರಿಯವನು ನಾಲಿಗೆ ಕಚ್ಚಿಕೊಂಡು ವಾಪಸು ಬಂದ. ಬ್ಯಾಟರಿಯ ಮಾತು ಅಲ್ಲಿಗೆ ಬಿತ್ತು. ಅಳಿಯನಿಗಾದರೋ ಕಿವಿಗಳು ಬೆಚ್ಚಗಾದವು. ಮದುವೆಯಾದ ದಿನದಿಂದ ಇವರ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ತಾನು ಕಾಯುತ್ತಿದ್ದೆ ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ; ಬಂದ ಮೇಲೆ ಗೊತ್ತಾಯಿತು. ಬರುವುದಕ್ಕೆ ಎಂಥಾ ಮುಹೂರ್ತ ಹುಡುಕಿತು! ಖುಷಿಯಾಯಿತು, ಮುಚ್ಚಿಟ್ಟು ಏನು ಪ್ರಯೋಜನ, ನಿಜವಾಗಿಯೂ ಖುಷಿಯಾಯಿತು. ಆ ಖುಷಿ ಎಷ್ಟು ನಾಚಿಕೆಗೇಡಿನದು ಎಂದು ಹೊಳೆಯುವ ಹೊತ್ತಿಗೆ ಅವನು ಸ್ವಲ್ಪ ನೆಟ್ಟಗೆ ನಿಂತುಕೊಂಡೂ ಆಗಿತ್ತು. ಟೀ ತರುತ್ತೇನೆಂದು ಅಡುಗೆಮನೆಗೆ ಓಡಿದ.

ಹೆಂಡತಿ ಟೀ ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ರೀ, ಆ ಎಂಜಿನ್ ತಿರುಗಲ್ಲ ಅಂತ ಮೆಕ್ಯಾನಿಕ್ ಹೇಳಿದ್ನಲ್ಲ?”

“ನಾನು ಬರೆದಿದೀನಿ.”

“ಏನಂತ?”

“ಕೂತಿದೆ ಅಂತ.”

ಅವಳು ಸೋಸುವುದನ್ನು ನಿಲ್ಲಿಸಿದಳು. ಅವಳಿಗೆ ಲ್ಯಾಬಿನಲ್ಲಿ ದಿನವಿಡೀ ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತ ಇಟ್ಟು ಅದರಲ್ಲಿ ಏನಿದೆ ಏನಿಲ್ಲ ಎಂದು ಹೇಳುವ ಕೆಲಸ. ಗಂಡನನ್ನೂ ಹಾಗೇ ನೋಡಿದಳು. “ಚೆನ್ನಾಗಿದೆ. ಅಷ್ಟು ಓದಿದ್ದು ಇದಕ್ಕಾದ್ರೂ ಬಂತು.” ಆಮೇಲೆ ಟೀಯ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. “ಇನ್ನೂ ಹೊತ್ತು ಮೀರಿಲ್ಲ. ಟೀ ಕೊಟ್ಟು ಹೇಳಿಬಿಡಿ. ಅಪ್ಪನ ಮುಂದೇನೇ ಹೇಳಿ. ಏನಾಗುತ್ತೆ? ಗಾಡಿ ಹೋಗುತ್ತೆ, ಅಷ್ಟೇ ತಾನೇ.”

ಅಷ್ಟೇ ತಾನೇ. ತಟ್ಟೆ ಹಿಡಿದು ಅವನು ನಡುಮನೆ ದಾಟಿದ. ಹೇಳುತ್ತೇನೆ ಎಂದು ನಿಜವಾಗಿ ನಿಶ್ಚಯಿಸಿಯೇ ಹೊರಟಿದ್ದ. ನಡುಮನೆಯಲ್ಲಿ ವಾಕ್ಯ ಸಿದ್ಧವಾಯಿತು: ನೋಡಿ, ನಾನು ಬರೆದದ್ದರಲ್ಲಿ ಒಂದು ಸಣ್ಣ ಅಸ್ಪಷ್ಟತೆ ಇದೆ. ಬಾಗಿಲ ಹತ್ತಿರ ‘ಸಣ್ಣ’ ಎನ್ನುವುದನ್ನು ಹೊಡೆದುಹಾಕಿದ. ಹೊಸ್ತಿಲ ಮೇಲೆ ‘ಅಸ್ಪಷ್ಟತೆ’ ಎನ್ನುವ ಮಾತು ಲಾಂಡ್ರಿಯವನಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಅನುಮಾನ ಬಂತು. ವರಾಂಡದಲ್ಲಿ ಮಾವನವರು ಅವನನ್ನು ಕಂಡು, ಪಕ್ಕದ ಕುರ್ಚಿಯ ಮೇಲಿದ್ದ ಪೇಪರನ್ನು ತೆಗೆದು, ಕೂತ್ಕೊಳ್ಳಿ ಎನ್ನುವಂತೆ ಕೈಮಾಡಿದರು. ಆ ಕುರ್ಚಿಯಲ್ಲಿ ಯಾವಾಗಲೂ ಪೇಪರು ಮಾತ್ರ ಕೂರುತ್ತಿತ್ತು. ಅವನು ಲಾಂಡ್ರಿಯವನ ಮುಖ ನೋಡಿದ, ಬಾಯಿ ತೆರೆದ, ಕೇಳಿದ: “ಸಕ್ಕರೆ ಸಾಕಾ?”

“ಸಾಕು ಸಾರ್,” ಎಂದ ಲಾಂಡ್ರಿಯವನು.

ಅಲ್ಲಿಂದ ಮುಂದೆ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಮೆಕ್ಯಾನಿಕ್ ಶೆಡ್ಡಿನ ತೊಲೆಗೆ ಸರಪಳಿ ಕಟ್ಟಿ ಹಳೇ ಎಂಜಿನ್ನನ್ನು ಎತ್ತುವಾಗ ಅವನ ಕಡೆ ಒಂದು ಸಲ ನೋಡಿದ. ಅವನು ತೊಲೆಯನ್ನು ನೋಡಿದ. “ನಂದೇನಿದ್ರೂ ಇಳಿಸೋದು, ಏರಿಸೋದು ಅಷ್ಟೇ ಸ್ವಾಮಿ,” ಎಂದು ಮೆಕ್ಯಾನಿಕ್ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಕೈತೊಳೆದುಕೊಂಡ. ಲಾಂಡ್ರಿಯವನು ತನ್ನ ಎಂಜಿನ್ನನ್ನು ಕೈಗಾಡಿಯಲ್ಲಿ ತಂದು, ಹಳೇದನ್ನು ಅದೇ ಕೈಗಾಡಿಗೆ ಹಾಕಿಕೊಂಡು, ಅದು ಅಲುಗಾಡದಂತೆ ಸುತ್ತ ತನ್ನ ಹೋಟೆಲಿನ ದಿಂಬುಗಳನ್ನು ಒತ್ತಿ, ನಿಧಾನವಾಗಿ ತಳ್ಳಿಕೊಂಡು ಹೋದ. ಹೆಣವನ್ನು ದಿಂಬಿಟ್ಟು ಮಲಗಿಸಿಕೊಂಡು ಹೋಗುತ್ತಿದ್ದಾನೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಒರೆಸಿಹಾಕಿದ. ದೊಡ್ಡ ಎಂಜಿನ್ನು ಸಣ್ಣ ಗಾಡಿಯೊಳಗೆ ಮೊದಲು ಒಗ್ಗಲಿಲ್ಲ. ಎರಡು ಕಡೆ ಪಟ್ಟಿ ಕತ್ತರಿಸಿ, ಒಂದು ಕಡೆ ಸುತ್ತಿಗೆಯಿಂದ ಬುದ್ಧಿ ಹೇಳಿದ ಮೇಲೆ ಒಗ್ಗಿತು. ಮೆಕ್ಯಾನಿಕ್ ಎಲ್ಲಿಂದಲೋ ಒಂದು ಬ್ಯಾಟರಿ ಎರವಲು ತಂದ. ಇವನು ಚಾವಿ ತಿರುಗಿಸಿದ. ಒಂದು ಸಲ ಬೇಡಿಕೊಂಡ, ಎರಡನೇ ಸಲ ಬೇಡಿಕೊಂಡ, ಮತ್ತು ಲಾಂಡ್ರಿಯವನು ಹೇಳಿದಂತೆಯೇ, ಅಕ್ಷರಶಃ ಹೇಳಿದಂತೆಯೇ, ಎಂಜಿನ್ನು ಎದ್ದಿತು.

ಗೇಟು ತೆರೆದವರು ಮಾವನವರು. ಒಳಗೆ ಹೋಗಿ ಒಳ್ಳೆಯ ಷರಟು ಹಾಕಿಕೊಂಡು ಬಂದು, ಮುಂದಿನ ಸೀಟಿನಲ್ಲಿ ಕೂತು, “ಒಂದು ಸುತ್ತು ಹೋಗೋಣ ನಡೀರಿ,” ಎಂದರು. ಬೀದಿಯಲ್ಲಿ ಕಾರು ಗುಡುಗುತ್ತ ಹೊರಟಿತು. ಔಷಧಿ ಅಂಗಡಿಯವರು ಹೊರಗೆ ಬಂದು ನೋಡಿದರು. ಮಾವನವರು ಕಿಟಕಿಯಿಂದ ಕೈ ಹೊರಹಾಕಿ, ಗೆದ್ದು ಬಂದ ಅಭ್ಯರ್ಥಿಯಂತೆ, ಬೇಕಾದವರಿಗೂ ಬೇಡದವರಿಗೂ ಬೀಸುತ್ತಿದ್ದರು. “ಅಳಿಯಂದಿರೇ ಮಾಡಿದ್ದು,” ಎಂದು ಹಣ್ಣಿನವಳಿಗೆ ಕೂಗಿ ಹೇಳಿದರು. ಅವನ ಎದೆ ಉಬ್ಬಿತು. ಕಾಲ ಕೆಳಗೆ ಯಂತ್ರ ನಡುಗುವುದು, ಗೇರು ಕೈಗೆ ಸಿಗುವುದು, ಅಂಗಡಿ ಬೋರ್ಡುಗಳು ಹಿಂದೆ ಸರಿಯುವುದು. ಆಹಾ, ಆ ಬೋರ್ಡುಗಳಲ್ಲಿದ್ದ ಕಾಗುಣಿತದ ತಪ್ಪುಗಳನ್ನೂ ಅವನು ಅವತ್ತು ಕ್ಷಮಿಸಿದ. ಆಗ ಫೋನು ಬಂತು. ಕಾರನ್ನು ಪಕ್ಕಕ್ಕೆ ಹಾಕಿ ಕಿವಿಗೆ ಒತ್ತಿಕೊಂಡ.

“ಸಾರ್, ಎಂಜಿನ್ ವ್ಯಾನಿಗೆ ಏರಿಸಿದ್ವಿ. ತಿರುಗ್ತಾನೇ ಇಲ್ಲ ಸಾರ್. ನಮ್ಮ ಭಾವನೂ ನೋಡ್ದ, ಪೂರ್ತಿ ಜಾಮ್ ಅಂತಾನೆ. ಏನಾದ್ರೂ ಉಪಾಯ ಇದೆಯಾ? ನಿಮ್ಗೆ ಗೊತ್ತಿರುತ್ತಲ್ಲ.”

ಪಕ್ಕದಲ್ಲಿ ಮಾವನವರು ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿ ಕ್ರಾಪು ಸರಿಮಾಡಿಕೊಳ್ಳುತ್ತಿದ್ದರು. ಈ ಕರೆ ಬಂದೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಉತ್ತರವನ್ನೂ ಆ ಬಚ್ಚಲಿನಲ್ಲೇ ಬರೆದಿಟ್ಟುಕೊಂಡಿದ್ದ. ಆ ಉತ್ತರ ಈಗ ಅವನನ್ನು ಕೇಳದೆಯೇ ಹೊರಬಂತು: “ನಾನು ಬರೆದಿದ್ದೆನಲ್ಲ, ಕೂತಿದೆ ಅಂತ.”

ಆ ಕಡೆ ಎಲ್ಲೋ ನಲ್ಲಿಯಿಂದ ನೀರು ಬೀಳುವ ಸದ್ದು. ಆಮೇಲೆ ಲಾಂಡ್ರಿಯವನು, “ಹೌದು ಸಾರ್. ಬರ್ದಿದ್ರಿ,” ಎಂದ. ಆ ನಲ್ಲಿಯನ್ನು ನಿಲ್ಲಿಸಿ, “ನಾನೇ ಸರಿಯಾಗಿ ಓದ್ಕೊಳ್ಳಿಲ್ಲ. ಮೇಷ್ಟ್ರಿಗೆ ಮಾತ್ರ ಹೇಳ್ಬೇಡಿ ಸಾರ್. ಬೈತಾರೆ.”

“ಯಾರು?” ಎಂದು ಕೇಳಿದರು ಮಾವನವರು.

“ಲಾಂಡ್ರಿಯವರು. ಥ್ಯಾಂಕ್ಸ್ ಹೇಳೋಕೆ ಮಾಡಿದ್ರು.”

ಇದಕ್ಕೆ ಎರಡು ಅರ್ಥ ಇರಲಿಲ್ಲ. ಇದು ನೆಟ್ಟಗಿನ, ದುಂಡಗಿನ, ಒತ್ತಕ್ಷರದ ತಪ್ಪೊಂದೂ ಇಲ್ಲದ ಸುಳ್ಳು.

ಆಮೇಲಿನ ದಿನಗಳಲ್ಲಿ ಕಾರು ಓಡುತ್ತಿತ್ತು, ಆದರೆ ಓಡಿಸಲು ರಸ್ತೆ ಇರಲಿಲ್ಲ. ಮಾರುಕಟ್ಟೆಯ ಕಡೆ ಹೋದರೆ ಲಾಂಡ್ರಿಯವನು ಬಟ್ಟೆಯ ಮೂಟೆಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬರುತ್ತಿದ್ದ. ನಿಲ್ದಾಣದ ಕಡೆ ತಿರುಗಿದರೆ ಅಲ್ಲೂ ಅವನೇ. ಏರಿನಲ್ಲಿ ಗಾಡಿಗೆ ಎದೆ ಕೊಟ್ಟು, ತಲೆ ಬಗ್ಗಿಸಿ, ಪೂರ್ತಿ ನೆಲ ನೋಡುತ್ತ. ಹೋಟೆಲುಗಳು ಇದ್ದ ಕಡೆಯೆಲ್ಲ ಅವನು ಇರಲೇಬೇಕಲ್ಲ. ಇವನು ಸ್ಟೀರಿಂಗಿನ ಹಿಂದೆ ತಲೆ ತಗ್ಗಿಸಿ, ಅಡ್ಡರಸ್ತೆ ಹಿಡಿದು, ಗೋಡೆಗಳ ಮಧ್ಯೆ ತೂರಿ, ಊರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮನೆಗೆ ಬರುತ್ತಿದ್ದ. ಎಂಜಿನ್ನು ಹೇಳಿದಂತೆಯೇ ಕುಡಿಯುತ್ತಿತ್ತು. ಎರಡನೇ ಪ್ಲಗ್ಗು ಹೇಳಿದಂತೆಯೇ ಮಸಿ ಹಿಡಿಯುತ್ತಿತ್ತು. ಅದನ್ನು ಬಿಚ್ಚಿ ಒರೆಸುವಾಗಲೆಲ್ಲ, ಇದೊಂದಾದರೂ ಸುಳ್ಳಾಗಬಾರದಿತ್ತೇ ಎಂದು ಅವನಿಗೆ ಸಿಟ್ಟು ಬರುತ್ತಿತ್ತು. ಮೋಸ ಹೋದವನಿಂದಲೇ ಒಂದಿಷ್ಟು ಮೋಸ ಸಿಕ್ಕಿದ್ದರೆ ಎಷ್ಟು ನೆಮ್ಮದಿ! ಹೆಂಡತಿಯನ್ನು ಕಾರಿನಲ್ಲಿ ಆಸ್ಪತ್ರೆಗೆ ಬಿಡುತ್ತೇನೆ ಎಂದರೆ, “ಬೇಡ, ನಡೆದುಕೊಂಡು ಹೋದ್ರೆ ಎಲ್ರೂ ಸಿಗ್ತಾರೆ,” ಎನ್ನುತ್ತಿದ್ದಳು.

ಕೊನೆಗೆ ಒಂದು ಬೆಳಿಗ್ಗೆ ಅವನು ಲಾಂಡ್ರಿಗೇ ಹೋದ. ಧೈರ್ಯದಿಂದಲ್ಲ, ಹೆದರಿ ಹೆದರಿ ಸುಸ್ತಾಗಿತ್ತು. ಎಂಜಿನ್ನು ವಾಪಸು ಕೊಡುತ್ತೇನೆ, ಗುಜರಿಯವನು ಬರಲಿ, ಕಿಟಕಿಗಳು ತೆರೆಯಲಿ ಎಂದು ಲೆಕ್ಕ ಹಾಕಿಕೊಂಡೇ ಹೋದ. ತಗಡಿನ ಮಾಡಿನ ಕೆಳಗೆ ಹಬೆ, ಸಿಮೆಂಟಿನ ತೊಟ್ಟಿಗಳು, ಉದ್ದಕ್ಕೆ ಕಟ್ಟಿದ ಹಗ್ಗಗಳ ಮೇಲೆ ಯಾರ್ಯಾರದೋ ನಿದ್ದೆಯ ಬಿಳಿ ಬಟ್ಟೆಗಳು. ಮೂಲೆಯಲ್ಲಿ ವ್ಯಾನು, ಬಾನೆಟ್ಟು ತೆರೆದುಕೊಂಡು, ಒಳಗೆ ಅವನು ಉಜ್ಜಿ ಹೊಳೆಸಿದ ಎಂಜಿನ್ನು. ಲಾಂಡ್ರಿಯವನು ಸದ್ದಿಗೇ ಹೊರಗೆ ಓಡಿಬಂದು, ಗಂಡನ ಮನೆಯಿಂದ ಬಂದ ಮಗಳ ಬೆನ್ನು ಸವರುವಂತೆ ಕಾರಿನ ಬಾನೆಟ್ಟು ಸವರಿದ.

“ಬನ್ನಿ ಸಾರ್, ಬನ್ನಿ! ಏನು ಸದ್ದು ಸಾರ್, ನನ್ನ ಹತ್ರ ಇದ್ದಾಗ ಇಷ್ಟು ಚೆನ್ನಾಗಿ ಇರ್ಲೇ ಇಲ್ಲ. ದೇವರು ಕಳಿಸ್ದ ಹಾಗೆ ಬಂದ್ರಿ. ಗಾಡಿ ಖಾಲೀನಾ?”

“ಖಾಲಿ,” ಎಂದ ಅವನು. “ನಾನು ಬಂದದ್ದು—”

“ಆಮೇಲೆ ಮಾತಾಡೋಣ ಸಾರ್. ಹೋಟೆಲಿನವರು ಮೂರು ಸಲ ಫೋನ್ ಮಾಡಿದಾರೆ. ಇವತ್ತೊಂದು ದಿನ ಸಹಾಯ ಮಾಡಿ.” ಅಷ್ಟರಲ್ಲಿ ಮೂಟೆಗಳು ಹಿಂದಿನ ಸೀಟಿಗೆ ಏರಿಬಿಟ್ಟಿದ್ದವು.

ಇವತ್ತೊಂದು ದಿನ ಎನ್ನುವುದು ಕೂಡ ‘ಸ್ವಲ್ಪ ದಿನ’ದಂತೆಯೇ ಉಬ್ಬುವ ಜಾತಿಯದು. ಮರುದಿನವೂ ಹೋದ, ಅದರ ಮರುದಿನವೂ. ಪೆಟ್ರೋಲು ಲಾಂಡ್ರಿಯವನೇ ಹಾಕಿಸುತ್ತಿದ್ದ, ವಾರಕ್ಕೊಮ್ಮೆ ಬೇಡವೆಂದರೂ ಜೇಬಿಗೆ ಒಂದಿಷ್ಟು ತುರುಕುತ್ತಿದ್ದ. ಶೆಡ್ಡಿಗೆ ಝೆರಾಕ್ಸ್ ಅಂಗಡಿ ಬಂತು. ಫೋನಿನಲ್ಲಿ ಮಾವನವರು, “ಅಳಿಯಂದಿರು ಸಾರಿಗೆ ವ್ಯವಹಾರದಲ್ಲಿದಾರೆ,” ಎಂದು ಹೇಳತೊಡಗಿದರು. ಇದ್ದದ್ದನ್ನು ಇದ್ದ ಹಾಗೆ. ಲಾಂಡ್ರಿಯವನು ಹೋಟೆಲಿನ ಹಿಂಬಾಗಿಲಲ್ಲಿ ಸಿಕ್ಕವರಿಗೆಲ್ಲ ಅವನನ್ನು ಪರಿಚಯ ಮಾಡಿಸುತ್ತಿದ್ದ: “ನಮ್ಮ ಮೇಷ್ಟ್ರ ಅಳಿಯ. ನನ್ನ ಗಾಡಿ ನಿಂತೋಯ್ತು ಅಂತ ತಮ್ಮ ಗಾಡೀನೇ ತಂದಿದಾರೆ. ಇಂಥೋರು ಸಿಗಲ್ಲ.” ಆಗೆಲ್ಲ ಅವನು ಎದುರಿನ ಗೋಡೆಯ ಮೇಲಿನ ನೋಟೀಸನ್ನು ಓದುತ್ತ ನಿಲ್ಲುತ್ತಿದ್ದ. ಬೈಗುಳಕ್ಕೆ ಉತ್ತರ ಕೊಡಬಹುದು. ಬೈಗುಳಕ್ಕೆ ಅವನ ಬಳಿ ಬೇಕಾದಷ್ಟು ವ್ಯಾಕರಣವಿತ್ತು. ಈ ಹೊಗಳಿಕೆ ಹಾಗಲ್ಲ, ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡು ಬರುತ್ತಿತ್ತು. ಹೇಳಬೇಕೆಂದಿದ್ದ ವಾಕ್ಯ ದಿನವೂ ತಿದ್ದುಪಡಿಯಾಗುತ್ತಿತ್ತು. ಚಿಕ್ಕದಾಯಿತು, ದೊಡ್ಡದಾಯಿತು, ಕಾರಣಗಳು ಸೇರಿದವು, ಕಾರಣಗಳು ಬಿದ್ದವು. ಕೊನೆಗೆ ಉಳಿದದ್ದು ಎಷ್ಟು ಬಡಕಲಾಗಿತ್ತೆಂದರೆ ಅಚ್ಚಿಗೆ ಕಳಿಸಲು ನಾಚಿಕೆಯಾಗುವಷ್ಟು.

ಅದನ್ನು ಹೇಳಿದ್ದು ಒಂದು ಮಧ್ಯಾಹ್ನ, ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದಾಗ, ಯಾವ ಸಿದ್ಧತೆಯೂ ಇಲ್ಲದೆ. ಲಾಂಡ್ರಿಯವನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಮೂಟೆಗೆ ಗಂಟು ಹಾಕುತ್ತಿದ್ದ. ಆಗತಾನೇ ಹೋಟೆಲಿನ ಮ್ಯಾನೇಜರನಿಗೆ ಫೋನಿನಲ್ಲಿ ‘ನಮ್ಮ ಸಾರ್ ಹೊರಟ್ರು, ಅವರು ಹೇಳಿದ ಹೊತ್ತಿಗೆ ಬರೋರು’ ಎಂದಿದ್ದ.

“ನಾನು ಬೇಕೂಂತಲೇ ಹಾಗೆ ಬರೆದೆ,” ಎಂದ ಅವನು. “ಎಂಜಿನ್ ಜಾಮ್ ಆಗಿದ್ದು ನಂಗೆ ಗೊತ್ತಿತ್ತು.”

ಲಾಂಡ್ರಿಯವನು ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದ. “ಗೊತ್ತು.”

ಅವನಿಗೆ ಸರಿಯಾಗಿ ಕೇಳಿಸಲಿಲ್ಲ ಎನ್ನಿಸಿತು. “ಏನು?”

“ಗೊತ್ತು ಅಂದೆ. ಅವತ್ತು ಫೋನ್ ಮಾಡ್ದಾಗ್ಲೇ ಗೊತ್ತಾಯ್ತು. ಗೊತ್ತಿಲ್ದೆ ತಪ್ಪಾಗಿದ್ರೆ ಅಯ್ಯೋ ಅಂತಾರೆ ಯಾರಾದ್ರೂ. ನೀವು ‘ಬರೆದಿದ್ದೆನಲ್ಲ’ ಅಂದ್ರಿ.”

ಹಗ್ಗದ ಮೇಲಿನ ಬಟ್ಟೆಗಳು ಒಂದು ಸಲ ಎದ್ದು ಬಿದ್ದವು. ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೋಪ: ಹಾಗಾದರೆ ಇಷ್ಟು ದಿನ ತನ್ನನ್ನು ಆಡಿಸಿದನೇ ಇವನು? “ಮತ್ತೆ ಯಾಕೆ ಹೇಳ್ಲಿಲ್ಲ? ಎಲ್ಲರ ಮುಂದೆ ಸಾರ್ ಸಾರ್ ಅಂತ, ಇಂಥೋರು ಸಿಗಲ್ಲ ಅಂತ...”

“ಮುಖಕ್ಕೆ ಹೇಳಿದ್ರೆ ಮಾರನೇ ದಿನ ಬರ್ತಿದ್ರಾ? ನಂಗೆ ಗಾಡಿ ಬೇಕಿತ್ತು.”

ಬರುತ್ತಿರಲಿಲ್ಲ. “ಎಂಜಿನ್ ವಾಪಸ್ ತಗೊಂಡುಬಿಡಿ,” ಎಂದ. ದನಿ ಅವನಿಗೇ ಅಳುವ ಮಗುವಿನದರಂತೆ ಕೇಳಿಸಿತು. “ಇವತ್ತೇ ಇಳಿಸಿ.”

“ಇಳಿಸಿ? ಮತ್ತೆ ಏರಿಸೋ ತಾಕತ್ತು ನಂಗೂ ಇಲ್ಲ, ನಿಂಗೂ ಇಲ್ಲ.” ಲಾಂಡ್ರಿಯವನು ಎದ್ದು ನಿಂತು ಮಂಡಿಯ ಮೇಲಿನ ಧೂಳು ಕೊಡವಿಕೊಂಡ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಮಧ್ಯಾಹ್ನದೊಳಗೆ ಮುಗಿಸಬೇಕಾದ ಕೆಲಸ ಮಾತ್ರ ಇತ್ತು. “ಎಂಜಿನ್ ನಂದು, ಗಾಡಿ ನಿಂದು. ಓಡೋವರೆಗೆ ಓಡಿಸೋಣ. ಬಾ, ಆ ಕಡೆ ಮೂಟೆ ಹಿಡ್ಕೊ.”

‘ಸಾರ್’ ಇನ್ನೇನು ಬರಬಹುದೆಂದು ಅವನು ಕಾದ. ಲಾಂಡ್ರಿಯವನು ಆಗಲೇ ತನ್ನ ಕಡೆಯ ಗಂಟು ಹಿಡಿದು ಬಗ್ಗಿದ್ದ. ಅವನು ಹೋಗಿ ಇನ್ನೊಂದು ಕಡೆ ಹಿಡಿದುಕೊಂಡ.